ಬಿಸಿಲಲ್ಲಿ ನಡೆದು ಬಂದ ಹಾಲು

ಎಳೆಕೂಸು ರಾತ್ರಿ ಯಾಕೆ ಏಳುತ್ತದೆ ಎಂದು ನಮ್ಮ ಕಡೆ ಕೇಳಿ ನೋಡಿ, ಹತ್ತು ಜನ ಹತ್ತು ಕಾರಣ ಹೇಳುತ್ತಾರೆ. ದೃಷ್ಟಿ ಆಗಿದೆ. ಬಾಲಗ್ರಹ. ಹೊಟ್ಟೆ ಉಬ್ಬರ. ತಾಯಿ ಬಾಯಿ ಕಟ್ಟಲಿಲ್ಲ, ಹಲಸಿನ ತೊಳೆ ತಿಂದಳು. ತೊಟ್ಟಿಲು ಕಟ್ಟಿದ ತೊಲೆ ಸರಿಯಿಲ್ಲ. ನನ್ನ ಮಗಳು ಹುಟ್ಟಿದ ವರ್ಷ ಇದನ್ನೆಲ್ಲ ಕೇಳಿದೆ, ಹೇಳಿದ್ದೆಲ್ಲ ಮಾಡಿದೆ. ಹಸಿವು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ. ಹೊಳೆಯುವುದಕ್ಕೆ ತಲೆಗೆ ಒಂದಿಷ್ಟು ನಿದ್ದೆಯಾದರೂ ಬೇಕಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ದುದ್ದದ ಹತ್ತಿರ ಒಂದು ಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿ ನಾನು ಟೀಚರು. ತವರು ಮದ್ದೂರಿನ ಹತ್ತಿರ, ಶಿವಪುರ ದಾಟಿ ಒಳಗೆ ಹೋದರೆ ಸಿಗುವ ಊರು. ಗಂಡನ ಮನೆ ಮಳವಳ್ಳಿ ಕಡೆ. ಗಂಡ ಕರೆಂಟು ಇಲಾಖೆಯಲ್ಲಿ ಲೈನ್‌ಮನ್, ಅವರ ಕೆಲಸವೂ ಮಳವಳ್ಳಿಯಲ್ಲೇ. ನನ್ನನ್ನು ನೋಡಬೇಕೆಂದರೆ ಮದ್ದೂರಿಗೆ ಒಂದು ಬಸ್ಸು, ಮಂಡ್ಯಕ್ಕೆ ಇನ್ನೊಂದು, ಅಲ್ಲಿಂದ ದುದ್ದದ ಬಸ್ಸು ಹತ್ತಿ ಇಳಿದು ಸ್ವಲ್ಪ ನಡೆಯಬೇಕಿತ್ತು. ವರ್ಗ ಕೇಳಿ ಕೇಳಿ ಸಾಕಾಗಿ ಇಬ್ಬರೂ ಸುಮ್ಮನಾಗಿದ್ದೆವು.

ಶಿವರಾತ್ರಿಯ ಹಿಂದುಮುಂದು ಮಗಳು ಹುಟ್ಟಿದಳು. ತವರಲ್ಲಿ ಬಾಣಂತನ ಚೆನ್ನಾಗಿಯೇ ಆಯಿತು. ಅವ್ವ ಕೂಸಿಗೆ ಎಣ್ಣೆ ನೀವಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ, ಹಳೆ ಸೀರೆಯಲ್ಲಿ ಸುತ್ತಿ ನನ್ನ ಪಕ್ಕಕ್ಕೆ ತಂದು ಹಾಕಿದರೆ ನಾವಿಬ್ಬರೂ ಹೊತ್ತು ಮುಳುಗುವ ತನಕ ಮಲಗುತ್ತಿದ್ದೆವು. ಬೇಸಿಗೆ ರಜೆ ಮುಗಿದು ಸ್ಕೂಲು ಬಾಗಿಲು ತೆಗೆದಾಗ ಅಣ್ಣನ ಹೆಂಡತಿಗೆ ತುಂಬು ತಿಂಗಳು, ಅವ್ವ ನನ್ನ ಜೊತೆ ಬರುವ ಹಾಗಿರಲಿಲ್ಲ. ಅತ್ತೆಗೆ ದನಕರ, ಹೊಲಗದ್ದೆ, ಮನೆತುಂಬ ಜನ. ಕೂಸನ್ನು ಎದೆಗವಚಿಕೊಂಡು ಟ್ರಂಕು ಹಿಡಿದು ನಾನೊಬ್ಬಳೇ ಬಂದು ಇಳಿದೆ.

ಬಾಡಿಗೆಗೆ ಇದ್ದದ್ದು ಒಂದೇ ಕೋಣೆ, ದೊಡ್ಡ ಮನೆಯೊಂದರ ಪಕ್ಕಕ್ಕೆ ಅಂಟಿಕೊಂಡಂಥದು. ಆ ಮನೆಯ ಅಜ್ಜಿಯೇ ಹಗಲು ಹೊತ್ತು ಕೂಸನ್ನು ನೋಡಿಕೊಳ್ಳುತ್ತೇನೆಂದು ತಾನಾಗಿ ಒಪ್ಪಿಕೊಂಡಳು. ಒಳ್ಳೆಯ ಹೆಂಗಸು, ಆದರೆ ತಾನು ಹೇಳಿದ್ದೇ ನಡೆಯಬೇಕು. ಎಷ್ಟೋ ಮಕ್ಕಳನ್ನು ಎತ್ತಿ ಆಡಿಸಿದ ಕೈ, ನಾನು ಚೊಚ್ಚಲ ಬಾಣಂತಿ, ಎದುರಾಡುವ ಮಾತೇ ಇರಲಿಲ್ಲ. ಅವಳಿಲ್ಲದಿದ್ದರೆ ಕೂಸೂ ಇಲ್ಲ, ಕೆಲಸವೂ ಇಲ್ಲ.

ಊರಿನವರು ಕೆಟ್ಟವರಲ್ಲ. ಆದರೆ ಟೀಚಮ್ಮ ಬಂದಳೆಂದರೆ ಜಗುಲಿಯ ಮೇಲಿನ ಹೆಂಗಸರು ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಗೌರವ ಒಳ್ಳೆಯದೇ, ಗೌರವದ ಜೊತೆ ಕೂತು ಹರಟೆ ಹೊಡೆಯುವುದಕ್ಕೆ ಆಗುವುದಿಲ್ಲ. ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಮುದ್ದೆ ಉಂಡು ಬಾಗಿಲು ಹಾಕಿಕೊಳ್ಳುವ ಊರು. ಆಮೇಲೆ ನಾನು ಮಾತಾಡಬೇಕೆಂದರೆ ಕೂಸಿನ ಜೊತೆ, ಇಲ್ಲವೇ ಗೋಡೆಯ ಜೊತೆ. ಗಂಡ ಶನಿವಾರ ಸಂಜೆ ಬರುತ್ತಿದ್ದರು. ತಲೆ ದಿಂಬಿಗೆ ತಾಗುವುದೇ ತಡ, ಗೊರಕೆ. ಕೂಸು ಕಿವಿಯ ಹತ್ತಿರವೇ ಕಿರುಚಿದರೂ ‘ಹೂಂ’ ಅಂದು ಮಗ್ಗುಲು ಬದಲಿಸುವ ಪುಣ್ಯವಂತರು. ಕಂಬ ಹತ್ತಿ ಇಳಿದು ದಣಿದಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸಮಾಧಾನ ಆಗುತ್ತಿರಲಿಲ್ಲ.

ತವರಲ್ಲಿ ಅಷ್ಟು ಸುಖವಾಗಿ ಮಲಗುತ್ತಿದ್ದ ಕೂಸು ಇಲ್ಲಿಗೆ ಬಂದ ವಾರದೊಳಗೆ ಬೇರೆಯೇ ಆಯಿತು. ಮಲಗಿಸಿ ಕೈ ತೆಗೆಯುವಷ್ಟರಲ್ಲಿ ಎಚ್ಚರ. ಮೊಲೆ ಬಾಯಲ್ಲಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿತ್ತು, ತೆಗೆದರೆ ಮತ್ತೆ ರಾಗ. ಒಂದು ಮಗ್ಗುಲಲ್ಲಿ ಕುಡಿಸಿ, ಇನ್ನೊಂದು ಮಗ್ಗುಲಿಗೆ ಹೊರಳಿ, ಮತ್ತೆ ಈ ಕಡೆಗೆ ಬಂದು, ಹೀಗೇ ಕೋಳಿ ಕೂಗುತ್ತಿತ್ತು. ಅಜ್ಜಿ ಬಜೆ ತೇಯ್ದು ನೆಕ್ಕಿಸಿದಳು. ಹೊಕ್ಕುಳ ಸುತ್ತ ಇಂಗು ಹಚ್ಚಿದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದಿಂಬಿನ ಕೆಳಗೆ ಒಂದು ಕಬ್ಬಿಣದ ಚೂರು ಬಂತು. ಕೊನೆಗೆ ಕೊರಳಿಗೆ ಕರೀ ದಾರದ ತಾಯತವೂ ಬಂತು. ಕೂಸು ಆ ತಾಯತವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ರಾತ್ರಿಯಿಡೀ ಕುಡಿಯಿತು.

ಇದಕ್ಕೆಲ್ಲ ಕಾರಣವಾದದ್ದು ಮಧ್ಯಾಹ್ನದ ಒಂದು ಕಟ್ಟಳೆ, ಅದು ಆಮೇಲೆ ಗೊತ್ತಾದದ್ದು. ಊಟದ ಬೆಲ್ಲು ಹೊಡೆದ ಕೂಡಲೇ ನಾನು ಕೂಸಿಗೆ ಹಾಲು ಕೊಡಲೆಂದು ಮನೆಗೆ ಓಡುತ್ತಿದ್ದೆ. ಸ್ಕೂಲು ಇದ್ದದ್ದು ಕೆರೆ ಏರಿಯ ಆಚೆ. ಏರಿಯ ಮೇಲೆ ಒಂದು ಮರವಿಲ್ಲ, ಮಳೆ ಬೀಳದ ಆ ದಿನಗಳಲ್ಲಿ ನೆತ್ತಿ ಸುಡುವ ಬಿಸಿಲು. ಬೆವರು ಸುರಿಸುತ್ತ ಹೊಸಿಲು ತುಳಿದರೆ ಅಜ್ಜಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಿಡುತ್ತಿದ್ದಳು.

“ಬಿಸ್ಲಲ್ಲಿ ನಡ್ಕಂಡ್ ಬಂದಿದ್ದೀಯ, ಆಲು ಕಾದೋಗದೆ ಕಣಮ್ಮ. ಇಂಡಿ ಚೆಲ್ಬುಡು. ವಸಿ ಸುದಾರಿಸ್ಕೊ, ಬೆವ್ರು ಆರ್ಲಿ, ಆಮ್ಯಾಕೆ ಕೊಡೀವಂತೆ.”

ಇದು ಅಜ್ಜಿಯೊಬ್ಬಳ ಮಾತಲ್ಲ, ನಮ್ಮ ಅವ್ವನೂ ಹೇಳುತ್ತಿದ್ದ ಮಾತು. ಹೊಲದಿಂದ ಬಂದ ಬಾಣಂತಿ ಬಂದವಳೇ ಕೂಸಿಗೆ ಎದೆ ಕೊಡಬಾರದು, ಕಾದ ಹಾಲು ಕುಡಿದ ಕೂಸಿಗೆ ಭೇದಿಯಾಗುತ್ತದೆ, ಜ್ವರ ಬರುತ್ತದೆ. ಟೀಚರ್ ಟ್ರೈನಿಂಗ್ ಮಾಡಿ ಬಂದಿದ್ದ ನಾನೂ ಅದನ್ನು ಬಲವಾಗಿ ನಂಬಿದ್ದೆ. ಮಕ್ಕಳಿಗೆ ಆರೋಗ್ಯದ ಪಾಠ ಮಾಡಿ ಬಂದು, ಹಿತ್ತಿಲಿನಲ್ಲಿ ಕೂತು, ನೀರಿದ್ದ ಲೋಟಕ್ಕೆ ಹಾಲು ಹಿಂಡುತ್ತಿದ್ದೆ. ಇರುವೆ ಮುತ್ತಿದರೆ ಎದೆ ಬತ್ತುತ್ತದೆ ಎಂದು ಅದನ್ನು ನೆಲಕ್ಕೂ ಚೆಲ್ಲುವ ಹಾಗಿಲ್ಲ, ಕರಿಬೇವಿನ ಗಿಡದ ಬುಡಕ್ಕೆ ಹುಯ್ಯಬೇಕು. ಆಮೇಲೆ ಕಾಲು ತೊಳೆದು, ಮಜ್ಜಿಗೆ ಕುಡಿದು, ಬೆವರು ಆರುವ ತನಕ ಕೂರಬೇಕು. ಬೆವರು ಆರುವ ಹೊತ್ತಿಗೆ ಬೆಲ್ಲಿನ ಹೊತ್ತಾಗುತ್ತಿತ್ತು. ಕೂಸು ಎರಡು ಗುಟುಕು ಎಳೆಯುವುದರೊಳಗೆ ಕಿತ್ತು ಅಜ್ಜಿಯ ಕೈಗೆ ಕೊಟ್ಟು ಮತ್ತೆ ಏರಿಯ ಮೇಲೆ ಓಡುತ್ತಿದ್ದೆ. ನಾನಿಲ್ಲದಾಗ ಅಜ್ಜಿ ಒಳಲೆಯಲ್ಲಿ ಹಸುವಿನ ಹಾಲು ಹಿಡಿದರೆ ಕೂಸು ಅವಳ ಸೀರೆಗೇ ಉಗುಳುತ್ತಿತ್ತು. ಆ ಕರಿಬೇವಿನ ಗಿಡ ಮಾತ್ರ ಆ ವರ್ಷ ಭರ್ಜರಿಯಾಗಿ ಚಿಗುರಿತು.

ಒಂದು ದಿನ ಮೂರನೇ ಕ್ಲಾಸಿಗೆ ಉಕ್ತಲೇಖನ ಹೇಳುತ್ತಿದ್ದವಳು ಕುರ್ಚಿಯಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ಮಕ್ಕಳೆಲ್ಲ ಸ್ಲೇಟು ಹಿಡಿದುಕೊಂಡು ತುಟಿ ಪಿಟ್ಟೆನ್ನದೆ ನನ್ನನ್ನೇ ನೋಡುತ್ತಿದ್ದವು. ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಮಂಡ್ಯದಿಂದ ದಿನಾ ಬಂದು ಹೋಗುತ್ತಿದ್ದ, ಮೆತ್ತನೆ ಮಾತಿನ, ಮಡಿವಂತ ಮನುಷ್ಯ. ಬೈಯಲಿಲ್ಲ. ಸಂಜೆ ಕರೆದು, ಇನ್‌ಸ್ಪೆಕ್ಟರು ಬರುವ ದಿನ ಹೀಗಾದರೆ ತಾನೂ ಏನೂ ಮಾಡಲಾರೆ, ಮಗುವನ್ನು ಊರಲ್ಲಿ ಬಿಡುವುದಾದರೆ ಬಿಡಿ, ಇಲ್ಲವೇ ಸಂಬಳವಿಲ್ಲದ ರಜೆ ಹಾಕಿ ಎಂದರು. ಆ ದಾರಿಯುದ್ದಕ್ಕೂ ಅತ್ತುಕೊಂಡೇ ಮನೆಗೆ ಬಂದೆ. ಕಂಡವರು ಕಣ್ಣಿಗೆ ಧೂಳು ಬಿದ್ದಿದೆ ಅಂದುಕೊಂಡಿರಬೇಕು.

ಇದನ್ನು ಗಂಡನಿಗೆ ಹೇಳಿದ್ದೇ ತಪ್ಪಾಯಿತು. ಮುಂದಿನ ಸಲ ಬರುವಾಗ ಅತ್ತೆಯನ್ನು ಕರೆದುಕೊಂಡು ಬಂದರು. ಅತ್ತೆ ಎತ್ತರದ ಆಳು, ಕಡಿಮೆ ಮಾತು, ಆಡಿದರೆ ಕಡ್ಡಿ ಮುರಿದ ಹಾಗೆ. ಆ ರಾತ್ರಿ ನಮ್ಮ ಜೊತೆ ಅದೇ ಕೋಣೆಯಲ್ಲಿ ಮಲಗಿ ಕೂಸಿನ ಕಾಟ ಕಣ್ಣಾರೆ ನೋಡಿದರು. ಬೆಳಿಗ್ಗೆ ತೀರ್ಮಾನ ಹೇಳಿದರು.

“ಅಲ್ಲಿ ಅಟ್ಟಿ ತುಂಬ ಜನ ಅವ್ರೆ, ಕೂಸು ಅಲ್ಲೇ ಬೆಳೀಲಿ. ಆದ್ರೆ ರಾತ್ರಿ ಮೊಲೆ ಬುಡೋಗಂಟ ನಮ್ ಕೈಲಾಗಕಿಲ್ಲ. ಬುಟ್ಟಿದ್ ದಿನ ಯೋಳು, ಬಂದು ಎತ್ಕೊಂಡ್ ಓಯ್ತೀನಿ.”

ಗಂಡ ಅದು ಸರಿ ಎಂದರು. ಸರಿಯೇ ಆಗಿತ್ತು. ಅಲ್ಲಿ ಎತ್ತಿಕೊಳ್ಳಲು ನಾದಿನಿಯರು, ಆಡಲು ಓರಗಿತ್ತಿಯ ಮಕ್ಕಳು, ಕರೆದ ಹಾಲು, ಅಂಗಳ. ಇಲ್ಲಿ ಒಂದು ಕೋಣೆ, ಒಬ್ಬಳು ಅಜ್ಜಿ, ಕಣ್ಣು ಕೆಂಪಾದ ಒಬ್ಬಳು ಟೀಚರು. ನಾನೂ ಹೂಂ ಎಂದೆ. ನಿದ್ದೆಗೆಟ್ಟವಳಿಗೆ ನಾಳೆ ಎಂಬುದೇ ಇರುವುದಿಲ್ಲ, ಆ ಹೊತ್ತಿಗೆ ತಲೆ ಊರುವುದಕ್ಕೆ ಒಂದು ಜಾಗ ಸಿಕ್ಕರೆ ಸಾಕು.

ಆಮೇಲೆ ಆಷಾಢ ಹಿಡಿಯಿತು. ಸೂರ್ಯನ ಮುಖ ಕಾಣದ ಹಾಗೆ ಮೋಡ, ಗಾಳಿ, ನಡುನಡುವೆ ತುಂತುರು. ನಾನು ಮಧ್ಯಾಹ್ನ ಮನೆಗೆ ಬಂದರೆ ಮೈ ತಣ್ಣಗಿರುತ್ತಿತ್ತು. ಅಜ್ಜಿ ಹೊರಗೆ ಬಂದು ಆಕಾಶ ನೋಡಿ, ನನ್ನ ಹಣೆ ಮುಟ್ಟಿ, ಬಿಸಿಲೇ ಇಲ್ಲವಲ್ಲ ಎಂದು ತಾನೇ ಕೂಸನ್ನು ಮಡಿಲಿಗೆ ಹಾಕುತ್ತಿದ್ದಳು. ಕೂಸು ಬೆಲ್ಲು ಹೊಡೆಯುವ ತನಕ ಹೊಟ್ಟೆ ತುಂಬ ಕುಡಿಯುತ್ತಿತ್ತು. ಆ ದಿನಗಳಲ್ಲಿ ರಾತ್ರಿ ಒಂದೇ ಒಂದು ಸಲ ಎದ್ದು, ಕುಡಿದು, ಮತ್ತೆ ಮಲಗಿಬಿಟ್ಟಿತು. ಅಜ್ಜಿ ತಾಯತವನ್ನು ಕಣ್ಣಿಗೊತ್ತಿಕೊಂಡಳು. ನಾನೂ ಒತ್ತಿಕೊಂಡೆ.

ಮೋಡ ಸರಿದು ಬಿಸಿಲು ಬಂತು. ಕರಿಬೇವಿನ ಗಿಡಕ್ಕೆ ಮತ್ತೆ ಹಾಲು ಬಿತ್ತು. ಕೂಸು ಮತ್ತೆ ರಾತ್ರಿಯಿಡೀ ಏಳತೊಡಗಿತು. ತಾಯತ ಇದ್ದಲ್ಲೇ ಇತ್ತು. ಅದು ಕೆಲಸ ಮಾಡುವುದಾದರೆ ಬಿಸಿಲಿಗೂ ಮಾಡಬೇಕು, ಮೋಡಕ್ಕೂ ಮಾಡಬೇಕು. ಕೂಸನ್ನು ಎದೆಗೆ ಹಚ್ಚಿಕೊಂಡು ಗೋಡೆಗೊರಗಿ ಕೂತಿದ್ದಾಗ ಇದು ತಲೆಗೆ ಬಂತು. ಹಗಲು ಸಿಗದೇ ಹೋದದ್ದನ್ನು ಇದು ರಾತ್ರಿ ವಸೂಲು ಮಾಡುತ್ತಿದೆ, ಇಷ್ಟೇ ಸಂಗತಿ. ನಾನು ಪೆದ್ದಿ, ನನ್ನ ಕೈಯಾರೆ ನನ್ನ ಕೂಸಿನ ಊಟವನ್ನು ಗಿಡಕ್ಕೆ ಹುಯ್ಯುತ್ತಿದ್ದೇನೆ. ಸಿಟ್ಟು ಬಂತು. ಯಾರ ಮೇಲೆ ತೋರಿಸುವುದು? ಅಜ್ಜಿ ಮುನಿಸಿಕೊಂಡರೆ ಮಾರನೆಯ ದಿನ ಕೂಸನ್ನು ಹಿಡಿಯುವವರಿಲ್ಲ. ಅದೂ ಅಲ್ಲದೆ, ನಿಜ ಹೇಳುತ್ತೇನೆ, ಕಾದ ಹಾಲು ಕೊಡುವುದಕ್ಕೆ ಆಗಲೂ ನನಗೆ ಒಳಗೊಳಗೇ ಹೆದರಿಕೆಯಿತ್ತು.

ಬೆಳಿಗ್ಗೆ ಅಜ್ಜಿಯ ಹತ್ತಿರ ಉಪಾಯವಾಗಿ ಮಾತು ತೆಗೆದೆ. ಕಾಯುವುದು ನಡೆದು ಬಂದವಳ ಹಾಲು ತಾನೇ, ನಾನು ಸ್ಕೂಲಿನ ನೆರಳಲ್ಲೇ ಕೂತಿದ್ದರೆ ಕಾಯುವುದಿಲ್ಲವಲ್ಲ, ಕೂಸೇ ಅಲ್ಲಿಗೆ ಬಂದರೆ ಹೇಗೆ ಎಂದೆ. ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ ಯೋಚನೆ ಮಾಡಿದಳು. ಕಟ್ಟಳೆಯಲ್ಲಿ ಅದಕ್ಕೆ ಅಡ್ಡಿ ಕಾಣಲಿಲ್ಲ.

“ಅದ್ ಸರಿ ಕಣಮ್ಮ. ನೀನ್ ಬಿಸ್ಲಿಗ್ ಬರ್ಬ್ಯಾಡ, ನಾನೇ ಎತ್ಕೊಂಡ್ ಬತ್ತೀನಿ.”

ಇನ್ನು ಹೆಡ್‌ಮಾಸ್ಟರು. ಅವರ ಎದುರು ನಿಂತು ಹಾಲಿನ ವಿಷಯ ಎತ್ತಿದೆ, ಅವರು ಗೋಡೆಯ ಮೇಲಿದ್ದ ಭೂಪಟ ನೋಡತೊಡಗಿದರು. ನಾನು ಹೇಳಿ ಮುಗಿಸುವ ತನಕ ಭೂಪಟದಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಅದರ ಕಡೆಗೇ ತಿರುಗಿಕೊಂಡು, ಸಾಮಾನಿನ ರೂಮು ಇದೆಯಲ್ಲ, ಒಳಗಿನಿಂದ ಚಿಲಕವೂ ಇದೆ ಎಂದರು. ಮಕ್ಕಳ ಉಪ್ಪಿಟ್ಟಿಗೆಂದು ಬಂದ ರವೆ ಮೂಟೆ, ಹಾಲಿನ ಪುಡಿಯ ಮೂಟೆ ಪೇರಿಸಿಟ್ಟಿದ್ದ ರೂಮದು. ಮಾರನೆಯ ದಿನದಿಂದ ಅಜ್ಜಿ ಕರೀ ಕೊಡೆ ಬಿಚ್ಚಿಕೊಂಡು, ಕೂಸಿನ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು, ಏರಿಯ ಮೇಲೆ ನಿಧಾನವಾಗಿ ನಡೆದು ಬರತೊಡಗಿದಳು. ನಾನು ಮೂಟೆಗೊರಗಿ ಕೂತು ಹಾಲು ಕೊಡುತ್ತಿದ್ದೆ. ಅಜ್ಜಿ ಬಾಗಿಲಾಚೆ ಕೂತು ಇಣುಕುವ ಮಕ್ಕಳನ್ನು ಗದರುತ್ತಿದ್ದಳು. ಸಂಜೆ ಮನೆಗೆ ಬಂದ ಮೇಲೆ, ಬಿಸಿಲು ತಗ್ಗಿರುತ್ತಿದ್ದುದರಿಂದ, ದೀಪ ಹಚ್ಚುವ ಮೊದಲೊಮ್ಮೆ, ಮಲಗಿಸುವ ಮೊದಲೊಮ್ಮೆ, ಆತುರವಿಲ್ಲದೆ ಕುಡಿಸುತ್ತಿದ್ದೆ. ಆಮೇಲೆ ದೀಪ ಸಣ್ಣಗೆ ಮಾಡಿ, ಅವ್ವ ಮಾಡುತ್ತಿದ್ದ ಹಾಗೆ ಹಳೆ ಸೀರೆಯಲ್ಲಿ ಸುತ್ತಿ, ಬೆನ್ನು ತಟ್ಟುತ್ತಿದ್ದೆ.

ಏಳುವುದು ಒಂದೇ ದಿನಕ್ಕೆ ನಿಂತಿತೆಂದಲ್ಲ. ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಯಿತು. ಮಧ್ಯೆ ಮಿಸುಕಿದರೆ ತಕ್ಷಣ ಎದೆಗೆ ಹಾಕಿಕೊಳ್ಳದೆ ಕೈಯಿಟ್ಟು ಸುಮ್ಮನಿದ್ದು ನೋಡಿದೆ. ಎಷ್ಟೋ ಸಲ ತಾನಾಗಿಯೇ ನಿಟ್ಟುಸಿರು ಬಿಟ್ಟು ಮಲಗಿತು. ಗೌರಿ ಹಬ್ಬ ಕಳೆಯುವ ಹೊತ್ತಿಗೆ ರಾಗಿ ಸರಿಯನ್ನೂ ತಿನ್ನುತ್ತಿದ್ದ ಕೂಸು ರಾತ್ರಿ ಮಲಗಿದರೆ ಬೆಳಗಿನ ಜಾವಕ್ಕೇ ಕಣ್ಣು ಬಿಡುವಂತಾಯಿತು. ನನ್ನ ಕಣ್ಣಿನ ಕೆಂಪು ಹೋಯಿತು. ಇನ್‌ಸ್ಪೆಕ್ಟರು ಬಂದು, ನನ್ನ ಕ್ಲಾಸಿನ ಮಗ್ಗಿ ಕೇಳಿ, ತಲೆಯಾಡಿಸಿ ಹೋದರು. ಹೆಡ್‌ಮಾಸ್ಟರು ಭೂಪಟ ಬಿಟ್ಟು ನನ್ನ ಮುಖ ನೋಡಿ ನಕ್ಕರು.

ಎಲ್ಲ ಸರಿಹೋಯಿತು ಅನ್ನುವಾಗ ನನಗೆ ನಿದ್ದೆ ಬರದಾಯಿತು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಕೂಸು ಏಳುತ್ತಿದ್ದಾಗ ಊರಿಗೆ ಊರೇ ಮಲಗಿದ್ದರೂ ಎದ್ದಿರುವವರು ನಾವಿಬ್ಬರು ಇರುತ್ತಿದ್ದೆವು. ಬೈದುಕೊಂಡೇ ಆದರೂ ಒಬ್ಬರಿಗೊಬ್ಬರು ಇದ್ದೆವು. ಈಗ ಎದ್ದಿರುವವಳು ನಾನೊಬ್ಬಳೇ. ಎದೆ ಬಿಗಿದು ರವಿಕೆ ಒದ್ದೆಯಾಗುತ್ತಿತ್ತು. ಹೆಂಚಿನ ಮೇಲೆ ಬೆಕ್ಕು ನಡೆದದ್ದು ಕೇಳಿಸುತ್ತಿತ್ತು. ಗಂಡನ ಮೇಲೆ ಸಿಟ್ಟು ಬರುತ್ತಿತ್ತು, ಅವರು ಪಾಪ ಅಲ್ಲಿರುತ್ತಲೇ ಇರಲಿಲ್ಲ. ರಾತ್ರಿ ಮೊಲೆ ಬಿಟ್ಟ ದಿನ ಬಂದು ಎತ್ತಿಕೊಂಡು ಹೋಗುತ್ತೇನೆಂದ ಅತ್ತೆಯ ಮಾತು ನೆನಪಾಗುತ್ತಿತ್ತು. ನಿದ್ದೆಗೇಡಿನ ಮರೆಯಲ್ಲಿ ಇಷ್ಟು ದಿನ ಅಡಗಿದ್ದ ಆ ಮಾತು ಈಗ ದಿನಾ ರಾತ್ರಿ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಕೂಸನ್ನು ನನ್ನ ಹತ್ತಿರ ಇಟ್ಟುಕೊಳ್ಳುವುದಕ್ಕೆಂದೇ ಅದಕ್ಕೆ ನಿದ್ದೆ ಕಲಿಸಿದೆ. ಕಲಿತದ್ದೇ ಅದನ್ನು ಕರೆದೊಯ್ಯುವುದಕ್ಕೆ ದಾರಿಯಾಗಿ ಕೂತಿತ್ತು.

ಗಂಡನಿಗೆ ನಾನು ಏನೂ ಹೇಳಲಿಲ್ಲ. ಆದರೆ ಆ ಪುಣ್ಯವಂತರಿಗೂ ಒಂದು ಶನಿವಾರ ರಾತ್ರಿ ಕೋಣೆ ಇಷ್ಟು ನಿಶ್ಶಬ್ದವಾಗಿದೆಯಲ್ಲ ಎಂದು ಅನ್ನಿಸಿತಂತೆ. ಮಳವಳ್ಳಿಗೆ ಹೋಗಿ ಖುಷಿಯಾಗಿ ಸುದ್ದಿ ಮುಟ್ಟಿಸಿದರು. ಪಿತೃಪಕ್ಷ ಕಳೆದ ಕೂಡಲೇ ಅತ್ತೆ ಒಬ್ಬರೇ ಬಂದು ಇಳಿದರು. ಕೈಯಲ್ಲಿ ಮೆತ್ತಗಿನ ಒಂದು ಪುಟ್ಟ ಕೌದಿ, ಕೂಸನ್ನು ಬಸ್ಸಿನಲ್ಲಿ ಸುತ್ತಿಕೊಂಡು ಹೋಗುವುದಕ್ಕೆಂದು ಹೊಲಿದದ್ದು. ಒಂದು ರಾತ್ರಿ ಇದ್ದು ನೋಡಿ ಬೆಳಿಗ್ಗೆ ಎತ್ತಿಕೊಂಡು ಹೋಗುತ್ತೇನೆ ಎಂದರು. ಅಜ್ಜಿಯ ಕೈಯ ಎಲೆ ಅಡಿಕೆ ಹಾಗೇ ಉಳಿಯಿತು.

ಆ ರಾತ್ರಿ ಕೂಸನ್ನು ನಡುವೆ ಮಲಗಿಸಿಕೊಂಡು ನಾವಿಬ್ಬರೂ ಆಚೀಚೆ ಮಲಗಿದೆವು. ಕೂಸಿಗೆ ಎಂದೂ ಇಲ್ಲದ ಒಳ್ಳೆಯ ನಿದ್ದೆ. ಮೈಮರೆತು, ಬಾಯಿ ತೆರೆದುಕೊಂಡು, ಎರಡೂ ಕೈ ಮೇಲೆ ಚೆಲ್ಲಿಕೊಂಡು ಮಲಗಿತ್ತು. ಏಳು ಕೂಸೇ, ಇವತ್ತೊಂದು ದಿನ ಏಳು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮಿಸುಕಲಿಲ್ಲ. ಅತ್ತೆಯ ಉಸಿರು ಒಂದೇ ಸಮನೆ ಕೇಳುತ್ತಿತ್ತು. ನಾನು ಮೆಲ್ಲಗೆ ಕೈ ಚಾಚಿ ಕೂಸಿನ ಅಂಗಾಲನ್ನು ಚಿವುಟಿದೆ. ಮೊದಲ ಸಲ ಕಾಲು ಎಳೆದುಕೊಂಡಿತು. ಎರಡನೆಯ ಸಲ ಗಟ್ಟಿಯಾಗಿ ಚಿವುಟಿದೆ. ಚಿಟ್ಟನೆ ಚೀರಿ ಅಳತೊಡಗಿತು. ಅತ್ತೆ ಎದ್ದು ಕೂರುವಷ್ಟರಲ್ಲಿ ಎದೆಗೆ ಹಾಕಿಕೊಂಡಿದ್ದೆ. ಬಿಕ್ಕುತ್ತ ಕುಡಿಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಎಬ್ಬಿಸಿದೆ. ತಪ್ಪು ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸಿಲ್ಲ. ಮಳವಳ್ಳಿಯ ಆ ಮನೆತುಂಬ ಇದ್ದ ಜನದಲ್ಲಿ ಕೂಸಿಗೆ ನಾನಿಲ್ಲದೆ ನಡೆಯುತ್ತಿತ್ತು. ಈ ಕೋಣೆಯಲ್ಲಿ ನನಗೆ ಅದಿಲ್ಲದೆ ನಡೆಯುತ್ತಿರಲಿಲ್ಲ.

ಬೆಳಿಗ್ಗೆ ಅತ್ತೆಯೇ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿದರು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಬೆನ್ನು, ತೊಡೆ, ಪಾದ ಎಂದು ನೀವುತ್ತ ಬಂದ ಕೈ ಅಂಗಾಲಿನ ಹತ್ತಿರ ನಿಂತಿತು. ನಾನು ನೀರು ತೋಡಿ ಕೊಡುತ್ತಿದ್ದವಳು ಚೆಂಬು ಹಿಡಿದುಕೊಂಡು ನಿಂತೇ ಇದ್ದೆ. ಅತ್ತೆ ಅಲ್ಲಿಗೆ ಇನ್ನೊಂದು ತೊಟ್ಟು ಎಣ್ಣೆ ಹಾಕಿ ಹೆಬ್ಬೆಟ್ಟಿನಲ್ಲಿ ಮೆತ್ತಗೆ ತಿಕ್ಕಿದರು. ಮೈ ಒರೆಸಿ, ಸಾಂಬ್ರಾಣಿ ಹಾಕಿ, ತಾವು ತಂದಿದ್ದ ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಎದ್ದು ಕೂಸನ್ನು ಕೌದಿಯ ಸಮೇತ ನನ್ನ ಕೈಗೆ ಕೊಟ್ಟು ತಮ್ಮ ಚೀಲ ತೆಗೆದುಕೊಂಡರು.

“ಕೂಸು ರಾತ್ರಿ ಮೊಲೆ ಬುಟ್ಟಿಲ್ಲ ಕಣ್ಲಾ ಅಂತ ನಿನ್ ಗಂಡಂಗೆ ಯೋಳ್ತೀನಿ,” ಎಂದರು.

ಬಸ್ಸಿನ ತನಕ ಹೋದೆ. ಬಸ್ಸು ಬಂದು ನಿಂತು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ತಿರುಗಿ ನನ್ನ ಕೈ ನೋಡಿದರು.

“ಉಗ್ರು ಕತ್ರುಸ್ಕೊ ಕಣಮ್ಮಿ. ಎಳೇ ಕಾಲು.”

ಬಸ್ಸು ಹೋಯಿತು. ಮನೆಗೆ ಬಂದು ಹೊಸಿಲ ಮೇಲೆ ಕೂತು ಹತ್ತೂ ಬೆರಳಿನ ಉಗುರು ಕತ್ತರಿಸಿಕೊಂಡೆ. ಮಧ್ಯಾಹ್ನ ಅಜ್ಜಿ ಕೊಡೆ ಬಿಚ್ಚಿಕೊಂಡು ಸ್ಕೂಲಿಗೆ ಕೂಸನ್ನು ತಂದಳು. ಆ ರಾತ್ರಿ ಕೂಸು ಬೆಳಗಿನ ಜಾವದ ತನಕ ಒಂದು ಸಲವೂ ಏಳಲಿಲ್ಲ. ನಾನು ಅದರ ಅಂಗಾಲನ್ನು ಅಂಗೈಯಲ್ಲಿ ಹಿಡಿದುಕೊಂಡು ಎದ್ದಿದ್ದೆ.